ಹಸಿರು ಬಣ್ಣ ನಂಬಬೇಡಿ, ಫೋರ್ಕ್ ನೋಡಿ

ಕಡು ಹಸಿರು ಪೇಂಟ್ ಹೊಡೆದು ಟ್ಯಾಂಕಿನ ಮೇಲೊಂದು ಬಿಳಿ ನಂಬರ್ ಬರೆದರೆ ಈಗ ಯಾವ ಬೈಕ್ ಬೇಕಾದರೂ ‘ಮಿಲಿಟರಿ ಬೈಕ್’ ಆಗಿಬಿಡುತ್ತದೆ. ಪೇಂಟಿಗೆ ನಾಲ್ಕು ಸಾವಿರ, ಕಥೆಗೆ ಒಂದು ಲಕ್ಷ! ಆದರೆ ಹ್ಯಾಂಡಲ್ಲಿನಿಂದ ಮುಂದಿನ ಚಕ್ರದವರೆಗೆ ಇಳಿಯುವ ಫೋರ್ಕ್ ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ.

ಎರಡನೇ ಮಹಾಯುದ್ಧದ ಬ್ರಿಟಿಷ್ ಸೇನಾ ಬೈಕುಗಳಲ್ಲಿ ಹೆಚ್ಚಿನವಕ್ಕೆ ಇದ್ದದ್ದು ಗರ್ಡರ್ ಫೋರ್ಕ್. ಬಿಎಸ್‌ಎ ಎಂ20, ನಾರ್ಟನ್ 16ಎಚ್, ರಾಯಲ್ ಎನ್‌ಫೀಲ್ಡ್ ಡಬ್ಲ್ಯುಡಿ/ಸಿಒ ಎಲ್ಲ ಇದೇ ಜಾತಿ. ಚಕ್ರದ ಎರಡೂ ಬದಿಗೆ ಗಟ್ಟಿ ಕಬ್ಬಿಣದ ಚೌಕಟ್ಟು, ಹೆಡ್‌ಲೈಟಿನ ಹಿಂದೆ ನಡುವೆ ಎದ್ದು ಕಾಣುವ ಒಂದೇ ದಪ್ಪ ಸ್ಪ್ರಿಂಗ್, ಮೇಲೆ–ಕೆಳಗೆ ಚಿಕ್ಕ ಲಿಂಕ್‌ಗಳು. ಕೈನಮ್ಯಾಟಿಕ್ಸ್ ಓದಿದವರು ಒಮ್ಮೆ ನಿಂತು ನೋಡಿ. ಸ್ಟೀರಿಂಗ್ ಹೆಡ್ ಒಂದು ಕೊಂಡಿ, ಮೇಲಿನ ಲಿಂಕ್ ಒಂದು, ಕೆಳಗಿನದೊಂದು, ಫೋರ್ಕೇ ನಾಲ್ಕನೆಯದು. ಬೋರ್ಡಿನ ಮೇಲೆ ಬರೆದು ಬರೆದು ಬೇಜಾರಾಗಿದ್ದ ಫೋರ್ ಬಾರ್ ಚೈನ್ ಇಲ್ಲಿ ಗ್ರೀಸ್ ಮೆತ್ತಿಕೊಂಡು ಕುಣಿಯುತ್ತದೆ! ಚಕ್ರ ನೇರವಾಗಿ ಏರದೆ ಕಮಾನಿನಂತೆ ಏರುವುದೂ ಅದಕ್ಕೇ. ಲಿಂಕಿನ ಪಿನ್ನುಗಳಿಗೆ ಗ್ರೀಸ್ ತಪ್ಪಿದರೆ ಸವೆತ ಶುರು. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಕೇಳುವುದೇ ಬೇಡ.

ಪ್ಯಾರಾಶೂಟಿನಲ್ಲಿ ಇಳಿಸುತ್ತಿದ್ದ 125 ಸಿಸಿಯ ‘ಫ್ಲೈಯಿಂಗ್ ಫ್ಲೀ’ ಎಂಬ ಪುಟಾಣಿ ಎನ್‌ಫೀಲ್ಡ್‌ನದ್ದೂ ಗರ್ಡರೇ. ಆದರೆ ಸ್ಪ್ರಿಂಗ್ ಬದಲು ರಬ್ಬರ್ ಬ್ಯಾಂಡ್! ಅಮೆರಿಕದ ಹಾರ್ಲೆ ಡಬ್ಲ್ಯುಎಲ್‌ಎಯದು ಸ್ಪ್ರಿಂಗರ್: ಒಂದರ ಹಿಂದೊಂದು ಎರಡು ಜೋಡಿ ಕಾಲು, ಅಚ್ಚಿನ ಹತ್ತಿರ ಚಿಕ್ಕ ರಾಕರ್.

ಈಗ ನಾವು ಓಡಿಸುವ ಬಹುತೇಕ ಬೈಕುಗಳಲ್ಲಿರುವುದು ಟೆಲಿಸ್ಕೋಪಿಕ್. ಕೊಳವೆಯೊಳಗೆ ಕೊಳವೆ, ಒಳಗೆ ಸ್ಪ್ರಿಂಗ್ ಮತ್ತು ಆಯಿಲ್. ಬಿಎಂಡಬ್ಲ್ಯು ಇದನ್ನು 1935ರಲ್ಲೇ ಆರ್12ಗೆ ಹಾಕಿತ್ತು. ಬ್ರಿಟಿಷ್ ಸೇನೆಗೆ ಬಂದದ್ದು 1941ರಲ್ಲಿ, ಮ್ಯಾಚ್‌ಲೆಸ್ ಜಿ3/ಎಲ್ ಮೂಲಕ. ಹಾಗಾಗಿ ಮ್ಯಾಚ್‌ಲೆಸ್ ಟೆಲಿಸ್ಕೋಪಿಕ್ ಆಗಿದ್ದರೆ ಯುದ್ಧಕಾಲದ್ದಿರಬಹುದು, ಅದೇ ಕಾಲದ ಎನ್‌ಫೀಲ್ಡ್ ಆಗಿದ್ದರೆ ಅನುಮಾನ ಪಡಬೇಕು.

ಈ ಅನುಮಾನ ಹಳದೀಪುರದಲ್ಲಿ ಉಪಯೋಗಕ್ಕೆ ಬಂತು. ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದು ಬಂದ ಪರಿಚಯದವರೊಬ್ಬರಿಗೆ ‘ಬರ್ಮಾ ಯುದ್ಧ ನೋಡಿದ ಎನ್‌ಫೀಲ್ಡ್’ ಎಂದು ಒಂದು ಬೈಕ್ ತೋರಿಸಿ, ಕೂಡಿಟ್ಟ ಹಣದ ದೊಡ್ಡ ಪಾಲನ್ನೇ ಕೇಳಿದ್ದರು. ‘ಮೆಕ್ಯಾನಿಕಲ್ ಓದ್ತಿದ್ದೀಯಲ್ಲ, ಬಾ ಮಾರಾಯ’ ಎಂದು ನನ್ನನ್ನೂ ಕರೆದೊಯ್ದರು. ಫೋರ್ಕ್ ಟೆಲಿಸ್ಕೋಪಿಕ್. ಅದರ ತುದಿಗೆ ಹೆಡ್‌ಲೈಟನ್ನು ನುಂಗಿಕೊಂಡ ಎರಕದ ಮೂತಿ, ಆಚೀಚೆ ಎರಡು ಪುಟ್ಟ ದೀಪ. ಅದು ಎನ್‌ಫೀಲ್ಡ್‌ಗೆ ಬಂದದ್ದೇ 1954ರ ಸುಮಾರಿಗೆ. ಆದರೂ ಫೋರ್ಕ್ ಬಿಚ್ಚಿ ಬದಲಾಯಿಸುವ ವಸ್ತುವಲ್ಲವೇ? ಅದಕ್ಕೇ ಹಿಂದೆ ಹೋಗಿ ನೋಡಿದೆ. ಯುದ್ಧಕಾಲದ ಡಬ್ಲ್ಯುಡಿ/ಸಿಒಗೆ ಹಿಂದೆ ಸಸ್ಪೆನ್ಷನ್ನೇ ಇಲ್ಲ. ಇದಕ್ಕೆ ಸ್ವಿಂಗ್ ಆರ್ಮ್, ಎರಡು ಶಾಕ್ ಅಬ್ಸಾರ್ಬರ್. ಅಂದರೆ ನಮ್ಮದೇ ಬುಲೆಟ್ 350.

ಹಾಗೆಂದು ಅದನ್ನು ಹಗುರವಾಗಿ ನೋಡಬೇಕಿಲ್ಲ. ಗಡಿ ಗಸ್ತಿಗೆ ಭಾರತೀಯ ಸೇನೆ ಬುಲೆಟ್ ಆರಿಸಿಕೊಂಡಿದ್ದರಿಂದಲೇ 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಎಂಜಿನ್, ಚಾಸಿ ನಂಬರುಗಳನ್ನು ಆರ್‌ಸಿ ಜೊತೆ ತಾಳೆ ನೋಡಿ, ಮಾಮೂಲಿ ಹಳೇ ಬುಲೆಟ್ಟಿನ ರೇಟಿಗೆ ಅವರು ಅದನ್ನೇ ಕೊಂಡರು. ಈಗ ಸಂಜೆ ಹೊನ್ನಾವರದ ಶರಾವತಿ ಸೇತುವೆಯವರೆಗೆ ಹೋಗಿ ಬರುತ್ತಾರೆ.

ಫೋರ್ಕ್ ಎಷ್ಟು ಭಾರ ತಡೆಯಬಹುದು ಎಂಬ ಕುತೂಹಲವಿದ್ದರೆ ಬೆಂಗಳೂರಿನ ಎಎಸ್‌ಸಿ ಟಾರ್ನೆಡೋಸ್ ತಂಡದ ವಿಡಿಯೊ ನೋಡಿ. 2017ರ ನವೆಂಬರಿನಲ್ಲಿ ಯಲಹಂಕದಲ್ಲಿ ಒಂದೇ 500 ಸಿಸಿ ಎನ್‌ಫೀಲ್ಡ್ ಮೇಲೆ 58 ಯೋಧರು 1,200 ಮೀಟರ್ ಸಾಗಿದರು. ತಲಾ 60 ಕೆ.ಜಿ. ಎಂದರೂ ಸುಮಾರು ಮೂರೂವರೆ ಟನ್. ಅದರಲ್ಲಿ ಮುಂದಿನ ಚಕ್ರಕ್ಕೆ ಬಿದ್ದದ್ದೆಷ್ಟು, ಹಿಂದಿನದಕ್ಕೆಷ್ಟು ಎಂಬ ಲೆಕ್ಕದ ಜಗಳ ನಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಇನ್ನೂ ನಡೆದೇ ಇದೆ.