ಗ್ಯಾಸೆಂದು ಕಳೆದ ಒಂದು ರಾತ್ರಿ

ಅಕ್ಕಲಕೋಟೆ ಕಡೆಯ ನಮ್ಮ ಪರಿಚಯದ ಹಿರಿಯ ವ್ಯಾಪಾರಿಗಳೊಬ್ಬರಿಗೆ ಒಂದು ರಾತ್ರಿ ಕಿರ್ದಿ ಬರೆಯುತ್ತಿದ್ದಾಗ ಎದೆಯ ನಡುವೆ ಕಲ್ಲು ಹೇರಿದಂತಾಯಿತು. ಮೈಯೆಲ್ಲ ಬೆವರು, ಎಡಗೈ ಜೋಮು. 'ಗ್ಯಾಸ್ ಆಗಿದೆ' ಎಂದರು. ಸೂರ್ಯಾಸ್ತದ ನಂತರ ಬಾಯಿಗೆ ಏನೂ ಹಾಕದ ನಿಯಮ ಅವರದು. ಎದೆಗೆ ಎಣ್ಣೆ ತಿಕ್ಕಿಸಿಕೊಂಡು ಮಲಗಿದರು. ದವಾಖಾನೆ ಕಂಡದ್ದು ಮರುದಿನ. ಜೀವವೇನೋ ಉಳಿಯಿತು. ಆದರೆ ಈಗ ಅಂಗಡಿಯ ಮೂರು ಮೆಟ್ಟಿಲು ಹತ್ತಿದರೂ ಏದುಸಿರು, ಸಂಜೆಗೆ ಕಾಲುಬಾವು.

ಆ ರಾತ್ರಿ ಒಳಗೆ ನಡೆದದ್ದೇನು? ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿದ್ದರೂ ಅದರ ಗೋಡೆಯ ಸ್ನಾಯುವಿಗೆ ಆ ರಕ್ತ ದಕ್ಕುವುದಿಲ್ಲ. ಪೇಟೆಯ ರೊಕ್ಕವೆಲ್ಲ ಕೈಮೇಲೆ ಹಾಯ್ದರೂ ಮನೆಖರ್ಚಿಗೆ ಬೇರೆಯೇ ತೆಗೆದಿಡಬೇಕಾದ ಅಡತಿ ವ್ಯಾಪಾರಿಯ ಹಾಗೆ, ಹೃದಯವೂ ಕೇವಲ ಮೂರು-ನಾಲ್ಕು ಮಿಲಿಮೀಟರ್ ಅಗಲದ ಕೊರೊನರಿ ರಕ್ತನಾಳಗಳಿಂದ ತನ್ನ ಪಾಲು ಪಡೆಯುತ್ತದೆ. ಈ ನಾಳಗಳ ಗೋಡೆಯೊಳಗೆ ವರ್ಷಗಟ್ಟಲೆ ಕೊಬ್ಬು ಸೇರುತ್ತದೆ. ದಾರಿ ಬಹಳ ಕಿರಿದಾದರೆ ನಡೆಯುವಾಗ ಎದೆ ಹಿಡಿದು, ಕುಳಿತಾಗ ಬಿಡುತ್ತದೆ. ಆದರೆ ಹೃದಯಾಘಾತಕ್ಕೆ ಇಂಥ ಮುನ್ಸೂಚನೆ ಇರಲೇಬೇಕೆಂದಿಲ್ಲ. ಕೊಬ್ಬಿನ ಮೇಲಿನ ತೆಳುಪೊರೆ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ನಾಳ ಒಮ್ಮೆಲೇ ಮುಚ್ಚಿಹೋಗುತ್ತದೆ. ಮಾಂಸ ಮುಟ್ಟದ ನಮಗೇಕೆ ಈ ರೋಗ ಎನ್ನುವವರು ತುಪ್ಪ, ಕರಿದ ತಿಂಡಿ, ತಂಬಾಕು ಮತ್ತು ದಿನವಿಡೀ ಗಾದಿಯ ಮೇಲೆ ಕೂಡುವುದನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ನಾಳ ಮುಚ್ಚಿದ ಅರ್ಧ ಗಂಟೆಯೊಳಗೆ ಸ್ನಾಯು ಸಾಯತೊಡಗುತ್ತದೆ; ಒಳಪದರದಿಂದ ಹೊರಕ್ಕೆ, ಗಂಟೆಗಟ್ಟಲೆ ಹಬ್ಬುತ್ತದೆ. ಮೊದಲ ಗಂಟೆಯಲ್ಲೇ ಬಡಿತ ಅಡ್ಡಾದಿಡ್ಡಿಯಾಗಿ ಪ್ರಾಣ ಹೋಗುವುದೂ ಉಂಟು. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಒಂದೂವರೆ-ಎರಡು ತಿಂಗಳಲ್ಲಿ ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ಪದರ ಕೂಡುತ್ತದೆ. ಅದು ಕುಗ್ಗಿ ಹಿಗ್ಗುವಂಥದ್ದಲ್ಲ. ಆರೋಗ್ಯವಂತ ಹೃದಯದ ಎಡ ಕೋಣೆ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಶೇ. 55ಕ್ಕೂ ಹೆಚ್ಚನ್ನು ಹೊರದಬ್ಬುತ್ತದೆ. ನಮ್ಮ ಹಿರಿಯರದು ಈಗ ಶೇ. 30. ಉಳಿದ ರಕ್ತ ಹಿಂದೆ ತಡೆದು ಶ್ವಾಸಕೋಶ ಒದ್ದೆಯಾಗುತ್ತದೆ, ಅದೇ ಆ ಏದುಸಿರು.

ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವುದಾದರೆ ಎರಡು ಗಂಟೆಯೊಳಗೆ ಆಗುವುದು ಮೇಲು. ಆ ಸೌಲಭ್ಯ ದೂರವಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದೂ ಬೇಗ ಸಿಕ್ಕಷ್ಟೂ ಒಳ್ಳೆಯದು. ಸಾಧಾರಣ ಆಸ್ಪಿರಿನ್ ಒಂದೇ ಸಾವನ್ನು ಶೇ. 23ರಷ್ಟು ಇಳಿಸಿತೆಂದು 17 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲಿನ ಪರೀಕ್ಷೆ 1988ರಲ್ಲಿ ತೋರಿಸಿತು. ಹೊಟ್ಟೆಹುಣ್ಣು, ಅಲರ್ಜಿ ಇದ್ದವರಿಗೆ ಅದು ಆಗದು, ಡಾಕ್ಟರರನ್ನು ಫೋನಿನಲ್ಲಾದರೂ ಕೇಳಬೇಕು. ಸಕ್ಕರೆ ಕಾಯಿಲೆಯವರಿಗೂ ಹೆಣ್ಣುಮಕ್ಕಳಿಗೂ ಎಷ್ಟೋ ಸಲ ಎದೆನೋವೇ ಇರುವುದಿಲ್ಲ. ವಾಂತಿ, ಸುಸ್ತು, ಉಬ್ಬಸ ಮಾತ್ರ.

ರಾತ್ರಿ ಮಾತ್ರೆ ನುಂಗಬಹುದೇ, ಉಪವಾಸದಲ್ಲಿ ಬಿ.ಪಿ. ಗುಳಿಗೆ ಬಿಡಬಹುದೇ ಎಂಬುದನ್ನು ನಿಯಮ ಕೊಟ್ಟವರ ಬಳಿಯೂ ಡಾಕ್ಟರರ ಬಳಿಯೂ ಈಗಲೇ ಕೇಳಿಟ್ಟುಕೊಳ್ಳೋಣ. ನೋವು ಬಂದ ಹೊತ್ತಿನಲ್ಲಿ ಆ ಚರ್ಚೆಗೆ ಸಮಯವಿರುವುದಿಲ್ಲ. ನಮ್ಮ ಹಿರಿಯರು ಹಾಗೆ ಕೇಳಿಕೊಂಡಿದ್ದಾರೆ. ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ 108 ಎಂದು ದೊಡ್ಡ ಅಕ್ಷರದಲ್ಲಿ ಬರೆಸಿಯೂ ಇದ್ದಾರೆ.