ಸ್ವರಲಿಪಿಯ ಶಿರೋಭಾಗದಲ್ಲಿ ಬರೆಯತಕ್ಕುದೇನು?

ಶಾಸನಗಳು ಎಡೆದೊರೆನಾಡೆಂದು ಕರೆದ, ಕೃಷ್ಣಾ ತುಂಗಭದ್ರೆಗಳ ನಡುವಣ ಸೀಮೆಯಲ್ಲಿ ಸಂಗೀತವು ಬಹುಕಾಲ ಕಿವಿಯಿಂದ ಕಿವಿಗೆ ಸಾಗಿಬಂದ ವಿದ್ಯೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ (೧೮೯೨–೧೯೪೪) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಅಂಧರಾಗಿದ್ದರು. ಅವರು ಕಲಿಸಿದ್ದು ಹಾಳೆಯನ್ನು ನೋಡಿಯಲ್ಲ. ಆದರೆ ಶಾಲೆಯ ಸ್ಥಿತಿ ಬೇರೆ. ಸಂಗೀತದ ಮಾಸ್ತರರು ನಿವೃತ್ತರಾಗುತ್ತಾರೆ, ವರ್ಗವಾಗಿ ಹೋಗುತ್ತಾರೆ. ವಚನದ ಧಾಟಿಯನ್ನು ಬರೆದಿಟ್ಟ ಪುಸ್ತಕವೊಂದೇ ಹಿಂದೆ ಉಳಿಯುತ್ತದೆ. ಕೇಳಲು ಗುರುವಿಲ್ಲದ ಹೊತ್ತಿನಲ್ಲಿ ಆ ಪುಸ್ತಕವು ತಾನೇ ಮಾತನಾಡಬೇಕು. ಆದುದರಿಂದ ಸ್ವರಲಿಪಿಯ ನೆತ್ತಿಯ ಮೇಲಿನ ಒಂದು ಸಾಲು ಅದರ ಒಡಲಿನಷ್ಟೇ ಮುಖ್ಯವಾದುದು.

ಸಾಮಾನ್ಯವಾಗಿ ಆ ಸಾಲಿನಲ್ಲಿ ರಾಗದ ಹೆಸರನ್ನೂ ತಾಳದ ಹೆಸರನ್ನೂ ಬರೆದು ಬಿಡುವುದುಂಟು. ಒಂದೇ ಪದ್ಧತಿಯ ಊರಿನಲ್ಲಿ ಅಷ್ಟು ಸಾಕು. ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ಕಡೆ ಅದು ಸಾಲದು. ಇಲ್ಲಿ ವಚನ, ತತ್ತ್ವಪದಗಳು ಹೆಚ್ಚಾಗಿ ಹಿಂದೂಸ್ಥಾನಿ ಧಾಟಿಯಲ್ಲಿ ಹಾರ್ಮೋನಿಯಮ್ಮಿನ ಜೊತೆ ಸಾಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನೆಚ್ಚಿ ಆಂಧ್ರದಿಂದ ಬಂದು ಸಿಂಧನೂರಿನ ಸುತ್ತಲ ಕ್ಯಾಂಪುಗಳಲ್ಲಿ ನೆಲೆಸಿದವರಲ್ಲಿ ಕರ್ಣಾಟಕ ಪದ್ಧತಿಯ ಕೀರ್ತನೆಗಳನ್ನು ಬಲ್ಲವರಿದ್ದಾರೆ. ಪುಸ್ತಕದ ಮೇಲೆ ‘ತೋಡಿ’ ಎಂದಷ್ಟೇ ಬರೆದಿದ್ದರೆ ಒಬ್ಬನು ತೀವ್ರ ಮಧ್ಯಮ, ಶುದ್ಧ ನಿಷಾದಗಳನ್ನು ಹಿಡಿಯುವನು. ಇನ್ನೊಬ್ಬನು ಶುದ್ಧ ಮಧ್ಯಮ, ಕೋಮಲ ನಿಷಾದಗಳನ್ನು ಹಿಡಿಯುವನು. ಕರ್ಣಾಟಕದ ತೋಡಿಯ ಸ್ವರಗಳು ಹಿಂದೂಸ್ಥಾನಿಯ ಭೈರವಿಯವು. ಕರ್ಣಾಟಕದ ಭೈರವಿಯೋ ನಟಭೈರವಿಯ ಜನ್ಯ. ‘ಶುದ್ಧ’ ಎಂಬ ಮಾತೂ ಮೋಸಮಾಡುತ್ತದೆ: ಕರ್ಣಾಟಕದವರ ಶುದ್ಧ ಋಷಭವನ್ನು ಹಿಂದೂಸ್ಥಾನಿಯವರು ಕೋಮಲ ಋಷಭವೆನ್ನುತ್ತಾರೆ.

೧೯೧೫ರಲ್ಲಿ ದೊರೆತ ಮಸ್ಕಿಯ ಶಾಸನವು ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ. ಅದುವರೆಗೆ ತಿಳಿದಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕನೆಂಬ ಹೆಸರು ಅಲ್ಲಿ ಕಂಡಮೇಲೆ ಸಂದೇಹ ಹರಿಯಿತು. ಸ್ವರಲಿಪಿಯಲ್ಲಿ ರಾಗನಾಮವು ಬಿರುದಿನಂತೆ. ಸ್ವರಸ್ಥಾನಗಳನ್ನು ಹೇಳಿದಾಗಲೇ ವ್ಯಕ್ತಿ ಯಾರೆಂಬುದು ನಿಶ್ಚಯವಾಗುವುದು.

ಪಾಶ್ಚಾತ್ಯರು ಐದು ಗೆರೆಗಳ ಲಿಪಿಯಲ್ಲಿ ಈ ಕೆಲಸಕ್ಕೆ ಕೀ ಸಿಗ್ನೇಚರ್ ಎಂಬುದನ್ನು ಇಟ್ಟುಕೊಂಡಿದ್ದಾರೆ, ಕನ್ನಡದಲ್ಲಿ ಮೇಳಸೂಚಿಯೆನ್ನಬಹುದು. ಯಾವ ಸ್ವರಗಳು ಉದ್ದಕ್ಕೂ ವಿಕೃತವೋ ಅವುಗಳ ಚಿಹ್ನೆಯನ್ನು ಸಾಲಿನ ಮೊದಲಲ್ಲೇ ಒಮ್ಮೆ ಹಾಕಿಬಿಡುವುದು ಅದರ ಕ್ರಮ. ನಮ್ಮ ಕೃತಿಗಳನ್ನು ಆ ಲಿಪಿಯಲ್ಲಿ ಬರೆಯುವ ಯತ್ನವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಮದರಾಸಿನಲ್ಲಿ ಎ. ಎಂ. ಚಿನ್ನಸ್ವಾಮಿ ಮೊದಲಿಯಾರರು ಮಾಡಿದ್ದರು. ಇಂದು ಕೀಬೋರ್ಡು, ಪಿಟೀಲು ನುಡಿಸುವ ಹಳೆಯ ವಿದ್ಯಾರ್ಥಿಗಳೂ ಅದನ್ನು ಕೇಳುತ್ತಾರೆ.

ತೊಡಕಿರುವುದು ಇಲ್ಲಿಯೇ. ಷಡ್ಜವನ್ನು ಬಿಳಿ ಒಂದರಲ್ಲಿಟ್ಟರೆ, ಪಾಶ್ಚಾತ್ಯರ ಕೋಮಲ ಚಿಹ್ನೆಗಳು ನಿ, ಗ, ಧ, ರಿ ಎಂಬ ಕ್ರಮದಲ್ಲಿಯೇ ಬರತಕ್ಕವು. ನಿ ಒಂದೇ ಬಂದರೆ ಹರಿಕಾಂಭೋಜಿ. ಗ ಕೂಡಿದರೆ ಖರಹರಪ್ರಿಯ. ಧ ಕೂಡಿದರೆ ನಟಭೈರವಿ. ರಿ ಕೂಡಿದರೆ ಹನುಮತೋಡಿ. ಚಿಹ್ನೆಯೇ ಇಲ್ಲದಿದ್ದರೆ ಶಂಕರಾಭರಣ, ಮಧ್ಯಮವೊಂದೇ ತೀವ್ರವಾದರೆ ಕಲ್ಯಾಣಿ. ಎಪ್ಪತ್ತೆರಡು ಮೇಳಗಳಲ್ಲಿ ಈ ಆರು ಮಾತ್ರ ಆ ಕಟ್ಟಿಗೆ ಒಗ್ಗುತ್ತವೆ. ಭಾತಖಂಡೆಯವರ ಹತ್ತು ಥಾಟುಗಳಲ್ಲಿಯೂ ಒಗ್ಗುವವು ಆರೇ. ಭೈರವ, ಪೂರ್ವಿ, ಮಾರವಾ, ತೋಡಿಗಳು ಹೊರಗುಳಿಯುತ್ತವೆ. ಸರಳೆ ವರಸೆಯನ್ನು ಆರಂಭಿಸುವ ಮಾಯಾಮಾಳವಗೌಳವೇ, ಎಂದರೆ ಹಿಂದೂಸ್ಥಾನಿಯ ಭೈರವವೇ, ಹೊರಗಿದೆ! ಅದಕ್ಕೆ ಬೇಕಾದವು ರಿ, ಧ ಎರಡೇ. ಕಟ್ಟಳೆಯ ಚಿಹ್ನೆಗಳನ್ನೇ ಹಾಕಿದರೆ ಬೇಡವಾದ ನಿ, ಗಗಳೂ ಕೋಮಲವಾಗಿ, ಅವು ಬಂದಬಂದಲ್ಲೆಲ್ಲ ರದ್ದುಮಾಡುತ್ತ ಹೋಗಬೇಕು. ವಾದಕನ ಕಣ್ಣಿಗೆ ಅದು ಮುಳ್ಳಿನ ಬೇಲಿ.

ರಿ, ಧ ಎರಡನ್ನೇ ಮೊದಲಲ್ಲಿ ಬರೆಯುವುದು ಯುಕ್ತವಾದ ಮಾರ್ಗ. ಬ್ಯಾಂಡ್ ಮಾಸ್ತರರು ಹುಬ್ಬೇರಿಸಿದರೆ ಏರಿಸಲಿ. ಹಂಗೇರಿಯ ಬಾರ್ಟೋಕನೇ ತನ್ನ ‘ಮೈಕ್ರೋಕಾಸ್ಮಾಸ್’ ಪಾಠಗಳಲ್ಲಿ ಇಂಥ ಕಟ್ಟಳೆ ಮೀರಿದ ಸೂಚಿಗಳನ್ನು ಬಳಸಿದ್ದಾನೆ. ಷಡ್ಜ ಯಾವುದೆಂದು ಮಾತಿನಲ್ಲಿ ಬರೆಯುವುದೂ ಅವಶ್ಯ. ನಾಲ್ಕು ಕೋಮಲ ಚಿಹ್ನೆಗಳನ್ನು ಕಂಡ ಪಾಶ್ಚಾತ್ಯ ಶಿಕ್ಷಣದವನು ಕೋಮಲ ಧೈವತವನ್ನೇ ಆಧಾರಸ್ವರವೆಂದು ಭ್ರಮಿಸಬಹುದು. ಅದೇ ಭೈರವಿಯನ್ನು ಕಪ್ಪು ಒಂದರ ಪಟ್ಟಿಗೆ ಏರಿಸಿದರೆ ನಾಲ್ಕು ಕೋಮಲ ಚಿಹ್ನೆಗಳು ಮಾಯವಾಗಿ ಮೂರು ತೀವ್ರ ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ; ರಾಗ ಮಾತ್ರ ಬದಲಾಗಿಲ್ಲ. ಆದುದರಿಂದ ಬರೆಯುವಾಗ ಷಡ್ಜ ಬಿಳಿ ಒಂದರಲ್ಲೇ ಇರಲಿ. ಹಾಡುವ ಪಟ್ಟಿಯನ್ನು ಪಕ್ಕದಲ್ಲಿ ಬೇರೆಯಾಗಿ ಸೂಚಿಸಲಿ.

ಇಲ್ಲದ ಸ್ವರಕ್ಕೆ ಚಿಹ್ನೆ ಹಾಕುವುದು ಇನ್ನೊಂದು ವಿಪರೀತ. ಭೂಪಾಲಿಯನ್ನು ಕಲ್ಯಾಣ ಥಾಟಿನಲ್ಲಿ ಸೇರಿಸಿದ್ದಾರೆಂದು ಅದರ ಮೊದಲಲ್ಲಿ ತೀವ್ರ ಮಧ್ಯಮವನ್ನು ಬರೆದರೆ, ಆ ರಾಗದಲ್ಲಿ ಮಧ್ಯಮವೇ ಇಲ್ಲ! ಥಾಟು ಶಾಸ್ತ್ರಜ್ಞನ ಅನುಕೂಲಕ್ಕಾಗಿ, ಸೂಚಿ ಹಾಡುವವನಿಗಾಗಿ. ಖಮಾಜದಂತೆ ಏರುವಾಗ ಶುದ್ಧ, ಇಳಿಯುವಾಗ ಕೋಮಲ ನಿಷಾದವುಳ್ಳ ರಾಗದಲ್ಲಿ ಕೋಮಲವನ್ನು ಸೂಚಿಯಲ್ಲಿಟ್ಟು ಶುದ್ಧವನ್ನು ಬಂದ ಕಡೆ ಗುರುತಿಸುವುದು ವಾಡಿಕೆಗೆ ಒಪ್ಪುತ್ತದೆ. ಏಕತಾರಿಯ ತತ್ತ್ವಪದಗಳಲ್ಲಿ ಎರಡು ಗಾಂಧಾರಗಳೂ ಎರಡು ನಿಷಾದಗಳೂ ಸರದಿಯಿಲ್ಲದೆ ಸುಳಿಯುವುದುಂಟು. ಅಂಥಲ್ಲಿ ಪದವನ್ನು ಒಂದು ರಾಗದ ಪಂಜರಕ್ಕೆ ನೂಕದೆ, ಸೂಚಿಯನ್ನು ಖಾಲಿ ಬಿಟ್ಟು, ಪ್ರತಿಯೊಂದು ಸ್ವರಕ್ಕೂ ಗುರುತು ಹಾಕುವುದೇ ಪ್ರಾಮಾಣಿಕವಾದುದು.

ಕನ್ನಡ ಅಕ್ಷರಗಳಲ್ಲಿ ಸರಿಗಮ ಬರೆಯುವ ಶಿಕ್ಷಕರಿಗೆ ಭಾತಖಂಡೆಯವರ ಪದ್ಧತಿಯೇ ಹತ್ತಿರ. ಅಲ್ಲಿ ಕೋಮಲಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ತಲೆಯ ಮೇಲೊಂದು ನಿಲುಗೆರೆ. ಪ್ರತಿ ಸ್ವರವೂ ತನ್ನ ಗುರುತನ್ನು ತಾನೇ ಹೊತ್ತಿರುವುದರಿಂದ ಮೇಳಸೂಚಿಯ ಹಂಗಿಲ್ಲ. ಆದರೆ ಅಚ್ಚಿನಲ್ಲಿ ಮೊದಲು ಕಳೆದುಹೋಗುವುದು ಈ ಅಡಿಗೆರೆಯೇ. ಭೈರವಿಯ ನಾಲ್ಕು ಅಡಿಗೆರೆಗಳೂ ಬಿದ್ದುಹೋದರೆ ಉಳಿಯುವುದು ಬಿಲಾವಲ. ಶರಣನ ಅಳಲು ಹಬ್ಬದ ಹಾಡಾಗುತ್ತದೆ. ಹೀಗಾಗಿ ಚಿಹ್ನೆಗಳ ಜೊತೆಗೆ ತಲೆಯ ಸಾಲಿನಲ್ಲಿ ‘ರಿ, ಗ, ಧ, ನಿ ಕೋಮಲ, ಮಧ್ಯಮ ಶುದ್ಧ, ಹಿಂದೂಸ್ಥಾನಿ ಭೈರವಿ, ಪಟ್ಟಿ ಕಪ್ಪು ಒಂದು’ ಎಂದು ಬಿಡಿಸಿ ಬರೆದಿಡತಕ್ಕುದು. ಕರಡು ತಿದ್ದುವಾಗ ಆ ಸಾಲನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಡಿಗೆರೆಯನ್ನು ಎಣಿಸಿ ನೋಡಬೇಕು.