ಮೂರು ಲಕ್ಷಕ್ಕೆ ಯಾವ ಇಂಜಿನ್? ಅರ್ಧ ಉತ್ತರ ದೆಹಲಿಯಲ್ಲಿದೆ

ಶುಂಠಿಗೆ ಒಳ್ಳೆ ರೇಟು ಸಿಕ್ಕ ವರ್ಷ ಬಳ್ಳಿಗಾವಿ, ಶಿರಾಳಕೊಪ್ಪ, ಸೊರಬದ ಕಡೆಯ ಹುಡುಗರು ಕೇಳುವ ಪ್ರಶ್ನೆ ಇದು: ಹಳೇ ಸಣ್ಣ ಕಾರು ತಗೊಂಡು, ಕಡಿಮೆ ಖರ್ಚಲ್ಲಿ ಪಿಕಪ್ ಹೆಚ್ಚಿಸಬೇಕು. ಯಾವ ಇಂಜಿನ್ ಆರಿಸಬೇಕು? ಕಾರು, ರಿಪೇರಿ, ಟ್ಯೂನಿಂಗ್ ಎಲ್ಲ ಸೇರಿ ಮೂರು ಲಕ್ಷ ರೂಪಾಯಿ ಅಂತಿಟ್ಟುಕೊಳ್ಳೋಣ.

ಇಂಜಿನ್ ಆಯ್ಕೆ ಬರೀ ಮೆಕ್ಯಾನಿಕ್ ವಿಷಯ ಅಂತ ಅನ್ನಿಸುತ್ತದೆ. ಆದರೆ ನಮ್ಮ ಮುಂದಿರುವ ಪಟ್ಟಿಯನ್ನು ತಯಾರಿಸಿದ್ದು ಗ್ಯಾರೇಜ್ ಅಲ್ಲ, ಕೇಂದ್ರ ಬಜೆಟ್. 2006ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಷರತ್ತು ಇಷ್ಟೇ: ಉದ್ದ ನಾಲ್ಕು ಮೀಟರ್ ಒಳಗಿರಬೇಕು, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟಬಾರದು. ಅದರ ಪರಿಣಾಮ ನೋಡಿ. 2005ರಲ್ಲಿ ಬಂದ ಸ್ವಿಫ್ಟ್‌ನಲ್ಲಿ 1298 ಸಿಸಿ ಪೆಟ್ರೋಲ್ ಇಂಜಿನ್ ಇತ್ತು. 2010ರಲ್ಲಿ ಅದರ ಜಾಗಕ್ಕೆ 1197 ಸಿಸಿ ಬಂತು. ಜಿಎಸ್‌ಟಿ ಬಂದ ಮೇಲೂ ಅದೇ ಗೆರೆ ಉಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ದರ ಬದಲಾದಾಗಲೂ ಗೆರೆಯ ಈಚೆ ಶೇ. 18, ಆಚೆ ಶೇ. 40. ಜಪಾನ್, ಯುರೋಪ್‌ನ ಹುಡುಗರು 1600, 1800 ಸಿಸಿ ಇಂಜಿನ್ ಬಗ್ಗೆ ಮಾತಾಡುವಾಗ ನಾವು 1200ರ ಸುತ್ತ ತಿರುಗುವುದಕ್ಕೆ ಈ ಗೆರೆ ಒಂದು ದೊಡ್ಡ ಕಾರಣ.

ಗಾಳಿಯ ಲೆಕ್ಕ

ಇಂಜಿನ್ ಅಂದರೆ ಗಾಳಿ ಎಳೆದುಕೊಳ್ಳುವ ಪಂಪು. ಹೆಚ್ಚು ಗಾಳಿ ಒಳಗೆ ಹೋದರೆ ಹೆಚ್ಚು ಇಂಧನ ಉರಿಸಬಹುದು. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ತಾನಾಗಿ ಎಳೆದಷ್ಟೇ ಗಾಳಿ. ಅದಕ್ಕೆ ದೊಡ್ಡ ಸೈಲೆನ್ಸರ್, ಹೊಸ ಏರ್ ಫಿಲ್ಟರ್, ರೀಮ್ಯಾಪ್ ಎಲ್ಲ ಮಾಡಿಸಿದರೂ ಸಿಗುವುದು ಸಾಮಾನ್ಯವಾಗಿ ಬೆರಳೆಣಿಕೆಯ ಕುದುರೆಗಳು, ಜೊತೆಗೆ ಊರೆಲ್ಲ ಏಳುವ ಸದ್ದು. ನಿಜವಾದ ಶಕ್ತಿ ಬೇಕಾದರೆ ಹೆಡ್, ಕ್ಯಾಮ್ ಶಾಫ್ಟ್, ಪಿಸ್ಟನ್‌ಗೆ ಕೈ ಹಾಕಬೇಕು. ಮೂರು ಲಕ್ಷ ಅಲ್ಲಿಗೇ ಮುಗಿಯಿತು.

ಟರ್ಬೊ ಇರುವ ಇಂಜಿನ್‌ನಲ್ಲಿ ಗಾಳಿಯ ಒತ್ತಡವನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಅದರ ಪ್ರೋಗ್ರಾಮ್ ಬದಲಿಸಿದರೆ ಬೋಲ್ಟ್ ಬಿಚ್ಚದೆಯೇ ಗಣನೀಯ ವ್ಯತ್ಯಾಸ ಸಿಗುತ್ತದೆ. ಪ್ರತಿ ರೂಪಾಯಿಗೆ ಸಿಗುವ ಶಕ್ತಿಯ ಲೆಕ್ಕದಲ್ಲಿ ಟರ್ಬೊ ಮುಂದೆ.

ಒಂದು ಸೂತ್ರ ನೆನಪಿಟ್ಟುಕೊಳ್ಳಿ: ಟಾರ್ಕ್ ಅನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್. ಸ್ವಿಫ್ಟ್‌ನ 1248 ಸಿಸಿ ಡೀಸೆಲ್ 2000 ಆರ್‌ಪಿಎಂನಲ್ಲಿ 190 ಎನ್‌ಎಂ ಟಾರ್ಕ್ ಕೊಡುತ್ತದೆ, ಅಂದರೆ ಸುಮಾರು 40 ಕಿಲೋವ್ಯಾಟ್. ಅದೇ ಆರ್‌ಪಿಎಂನಲ್ಲಿ ಸಣ್ಣ ಪೆಟ್ರೋಲ್ ಇಂಜಿನ್ 100 ಎನ್‌ಎಂ ಕೊಡುತ್ತದೆ ಅಂದುಕೊಂಡರೆ 21 ಕಿಲೋವ್ಯಾಟ್. ಹಂಪು, ತಿರುವು, ಏರು ಇರುವ ಶಿಕಾರಿಪುರ-ಸೊರಬ ರಸ್ತೆಯಲ್ಲಿ 6000 ಆರ್‌ಪಿಎಂ ಮುಟ್ಟುವ ಅವಕಾಶವೇ ಕಡಿಮೆ. ಗೇರ್ ಬದಲಿಸಿದ ಕೂಡಲೇ ಸಿಗುವ ಎಳೆತವೇ ಇಲ್ಲಿ ಮುಖ್ಯ.

ಪಟ್ಟಿಯಲ್ಲಿ ಯಾರಿದ್ದಾರೆ?

ಮೊದಲನೆಯದು, ಮೇಲೆ ಹೇಳಿದ ಫಿಯೆಟ್ ಮೂಲದ 1.3 ಡೀಸೆಲ್. ಸ್ವಿಫ್ಟ್, ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ ಎಲ್ಲದರಲ್ಲೂ ಇತ್ತು. 'ರಾಷ್ಟ್ರೀಯ ಇಂಜಿನ್' ಅಂತ ಅಡ್ಡಹೆಸರು ಬಂದಿದ್ದೇ ಅದಕ್ಕೆ. ಬಿಎಸ್-6 ಬಂದಾಗ, 2020ರಲ್ಲಿ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಆದರೂ ಇದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳನ್ನು ಹುಡುಕುವುದು ಕಷ್ಟವಲ್ಲ.

ಎರಡನೆಯದು, ಫೋರ್ಡ್ ಫಿಗೊದ 1.5 ಡೀಸೆಲ್, 100 ಪಿಎಸ್, 215 ಎನ್‌ಎಂ. ಹಗುರ ಕಾರಿಗೆ ಇದು ಭರ್ಜರಿ. ಆದರೆ ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಬಿಡಿಭಾಗಕ್ಕೆ ಎಷ್ಟು ದೂರ ಹೋಗಬೇಕು ಅಂತ ಮೊದಲೇ ವಿಚಾರಿಸಿ.

ಮೂರನೆಯದು, ಪೆಟ್ರೋಲ್ ಟರ್ಬೊ: 2017ರ ಬಲೆನೊ ಆರ್‌ಎಸ್‌ನ 998 ಸಿಸಿ, 102 ಪಿಎಸ್; ಪೋಲೊ ಜಿಟಿಯ 1.2 ಟಿಎಸ್‌ಐ, 105 ಪಿಎಸ್. ಓಡಿಸಲು ಮಜಾ. ಆದರೆ ಆ ಪೋಲೊದಲ್ಲಿರುವ ಡಿಎಸ್‌ಜಿ ಗೇರ್‌ಬಾಕ್ಸ್ ಕೈಕೊಟ್ಟರೆ ಟ್ಯೂನಿಂಗ್ ಬಜೆಟ್ ಪೂರ್ತಿ ಅದಕ್ಕೇ ಹೋಗುತ್ತದೆ.

ನಾಲ್ಕನೆಯದು, ಎಸ್ಟೀಮ್, ಜಿಪ್ಸಿ, ಹಳೇ ಸ್ವಿಫ್ಟ್‌ನ 1.3 ಪೆಟ್ರೋಲ್. ರ‍್ಯಾಲಿ ಕಲಿಯುವವರ ಹಳೇ ಗುರು. ಅಗ್ಗ, ಸರಳ, ಜೋರಾಗಿ ತಿರುಗುತ್ತದೆ. ಆದರೆ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5000ಕ್ಕೆ ಏರಿತ್ತು. ಅದನ್ನೂ ಲೆಕ್ಕಕ್ಕೆ ಸೇರಿಸಿ.

ನನ್ನ ಮತ ಮೊದಲನೆಯದಕ್ಕೆ, ಒಂದು ಷರತ್ತಿನ ಮೇಲೆ. ಕೊಳ್ಳುವ ಮುಂಚೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕೈ ಮುಗಿದು ಬನ್ನಿ. ಸುಸ್ತಾದ ಇಂಜಿನ್‌ಗೆ ರೀಮ್ಯಾಪ್ ಮಾಡುವುದು ಜ್ವರ ಬಂದವನನ್ನು ಓಟಕ್ಕೆ ನಿಲ್ಲಿಸಿದ ಹಾಗೆ. ಟಾರ್ಕ್ ಹೆಚ್ಚಾದರೆ ಮೊದಲು ಜಾರುವುದು ಕ್ಲಚ್. ಹಾಗಾಗಿ ಹಣ ಖರ್ಚಾಗಬೇಕಾದ ಕ್ರಮ ಹೀಗಿರಲಿ: ಇಂಜಿನ್ ಆರೋಗ್ಯ, ಬ್ರೇಕ್, ಟೈರ್, ಸಸ್ಪೆನ್ಶನ್, ಕ್ಲಚ್, ಕೊನೆಗೆ ರೀಮ್ಯಾಪ್. ಇಜಿಆರ್ ಮುಚ್ಚಿಸಿ ಕಪ್ಪು ಹೊಗೆ ಬಿಡುವುದು ಟ್ಯೂನಿಂಗ್ ಅಲ್ಲ. ಆ ಹೊಗೆ ಕುಡಿಯುವುದು ಬಸ್ ಸ್ಟ್ಯಾಂಡಿನಲ್ಲಿ ನಿಂತ ಮಕ್ಕಳು.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ(4) ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬೇರೆ ಕಾರಿನ ಇಂಜಿನ್ ತಂದು ಕೂರಿಸುವ ಆಸೆ ಇದ್ದರೆ ಇಲ್ಲೇ ಬಿಡಿ. ರೀಮ್ಯಾಪ್ ಕಣ್ಣಿಗೆ ಕಾಣದಿರಬಹುದು, ಆದರೆ ಅಪಘಾತವಾದಾಗ ಇನ್ಶೂರೆನ್ಸ್ ಕಂಪನಿ ತಕರಾರು ತೆಗೆದರೆ ಪರಿಹಾರದ ಹೊರೆ ಮನೆಯ ಜಮೀನಿನ ಮೇಲೆ ಬೀಳಬಹುದು.

ಸುರಕ್ಷತೆಗೆ ನಿಯಮ ಬೇಕೇ ಬೇಕು. ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್, ದನ, ಸೈಕಲ್ಲಿನ ಮಕ್ಕಳು ಹಂಚಿಕೊಳ್ಳುವ ರಸ್ತೆ ರೇಸ್ ಟ್ರ್ಯಾಕ್ ಅಲ್ಲ. ಆದರೆ ಸರ್ಕಾರಕ್ಕೆ ಬೇಕಾದರೆ ದಾರಿ ಇದೆ ಅನ್ನುವುದಕ್ಕೆ ಸಾಕ್ಷಿ ಸಿಎನ್‌ಜಿ. ಅನುಮೋದಿತ ಕಿಟ್ ಹಾಕಿಸಿ, ಆರ್‌ಟಿಒದಲ್ಲಿ ತೋರಿಸಿ, ಆರ್‌ಸಿಯಲ್ಲಿ ಬರೆಸಿಕೊಂಡರೆ ಸಕ್ರಮ. ಜರ್ಮನಿಯಲ್ಲಿ ಸಸ್ಪೆನ್ಶನ್‌ನಿಂದ ಇಂಜಿನ್‌ವರೆಗೆ ಬದಲಾವಣೆಗಳನ್ನು ತಜ್ಞರು ಪರೀಕ್ಷಿಸಿ ವಾಹನದ ದಾಖಲೆಗೆ ಸೇರಿಸುತ್ತಾರೆ. ನಮ್ಮಲ್ಲೂ ಅಂಥದ್ದು ಬಂದರೆ ಬ್ರೇಕ್ ಬದಲಿಸದೆ ಪವರ್ ಮಾತ್ರ ಹೆಚ್ಚಿಸುವವನು ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತಾನೆ. ಈಗ ಎಲ್ಲವೂ ಕದ್ದುಮುಚ್ಚಿ ನಡೆಯುವುದರಿಂದ ಒಳ್ಳೆ ಕೆಲಸ, ಕೆಟ್ಟ ಕೆಲಸ ಎರಡೂ ಒಂದೇ ತಕ್ಕಡಿಯಲ್ಲಿವೆ.

ಜೋರಾಗಿ ಓಡಿಸುವ ಜಾಗದ ಪ್ರಶ್ನೆಯೂ ಇದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರಾಷ್ಟ್ರೀಯ ರ‍್ಯಾಲಿಗಳು ನಡೆದಿವೆ. ದೊಡ್ಡ ಟ್ರ್ಯಾಕ್ ಬೇಕಾದರೆ ಕೊಯಮತ್ತೂರು ಅಥವಾ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ ಹೋಗಬೇಕು. ಬಳ್ಳಿಗಾವಿಯ ಹುಡುಗನಿಗೆ ಡೀಸೆಲ್, ಲಾಡ್ಜ್, ಲೈಸೆನ್ಸ್ ಸೇರಿ ಆ ಪ್ರಯಾಣವೇ ಬಜೆಟ್ ಮೀರುತ್ತದೆ. ಸುಗ್ಗಿ ಮುಗಿದ ಮೇಲೆ ಖಾಲಿ ಬೀಳುವ ಜಾಗದಲ್ಲಿ, ಮೋಟಾರ್ ಸ್ಪೋರ್ಟ್ಸ್ ಒಕ್ಕೂಟದ ನಿಯಮದಡಿ, ಆಂಬುಲೆನ್ಸ್ ನಿಲ್ಲಿಸಿ ವರ್ಷಕ್ಕೆರಡು ಆಟೋಕ್ರಾಸ್ ನಡೆಸುವುದು ಜಿಲ್ಲಾಡಳಿತಕ್ಕೆ ಅಸಾಧ್ಯವೇನಲ್ಲ.

ಮುಂದಿನ ಚುನಾವಣೆಯಲ್ಲಿ ಅಭ್ಯರ್ಥಿ ನಿಮ್ಮ ಊರಿಗೆ ಬಂದು 'ಯುವಕರಿಗೆ ಕ್ರೀಡಾ ಸೌಲಭ್ಯ' ಅಂದಾಗ ಈ ಎರಡು ವಿಷಯ ಕೇಳಿ: ಟ್ಯೂನಿಂಗ್ ಪರೀಕ್ಷಿಸಿ ಸಕ್ರಮ ಮಾಡುವ ವ್ಯವಸ್ಥೆ ಯಾವಾಗ, ರಸ್ತೆ ಬಿಟ್ಟು ಓಡಿಸಲು ಜಾಗ ಎಲ್ಲಿ? ಅಲ್ಲಿಯವರೆಗೆ ಮೂರು ಲಕ್ಷದಲ್ಲಿ ಬ್ರೇಕ್ ಮತ್ತು ಟೈರಿನ ಪಾಲು ದೊಡ್ಡದಿರಲಿ.